ಬಕೆಟ್ಟಿನ ನೆರಳು

ಹಲಗೂರಿನ ಮೆಕ್ಯಾನಿಕ್ ಸಿದ್ದೇಶ್ ಬೈಕ್ ನಿಲ್ಲಿಸಿದಾಗ ಅಂಬರೀಶ್ ತನ್ನ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ. ಅಪ್ಪ ಮುದ್ದಯ್ಯನ ತಿಥಿ ಮುಗಿದಿತ್ತು. ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ ನಿದ್ದೆಗೆಟ್ಟಿದ್ದ ಮುದ್ದಯ್ಯ, ಆ ಟ್ರ್ಯಾಕ್ಟರಿನ ಮುಂದಕ್ಕೆ ಜೋಡಿಸಿದ ಗೊಬ್ಬರ ತುಂಬುವ ಲೋಡರಿನ ಎತ್ತಿದ ಬಕೆಟ್ಟಿನ ನೆರಳಲ್ಲಿ ಉಂಡು ಮಲಗಿದ್ದ. ಬಕೆಟ್ಟು ಅವನ ಎದೆಯ ಮೇಲೆ ಇಳಿದಿತ್ತು.

ಮಗ ನೋಡದೆ ಲಿವರ್ ಒತ್ತಿದ ಎಂದು ಅವ್ವ ಮಾಯಮ್ಮ ಊರಿಗೆಲ್ಲ ಹೇಳಿದ್ದಳು. ತಾನು ಕಾಲುವೆಯಲ್ಲಿ ಕೈ ತೊಳೆಯುತ್ತಿದ್ದೆ ಎಂದು ಅಂಬರೀಶ್ ಹೇಳಿದರೆ ಯಾರೂ ನಂಬಲಿಲ್ಲ. ಅದಕ್ಕೇ ಇವತ್ತು ಅವಳನ್ನೂ ಕರೆತಂದಿದ್ದ. ಅವಳು ಬದುವಿನ ಮೇಲೆ ಮುಖ ತಿರುಗಿಸಿ ಕೂತಳು. ಅವನಿಗೆ ಈವರೆಗೆ ಅಳು ಬಂದಿರಲಿಲ್ಲ, ಈಗ ಸಿಟ್ಟೂ ಬರಲಿಲ್ಲ.

ಸಿದ್ದೇಶ್ ಬಕೆಟ್ಟು ಎತ್ತಿಸಿ, ಇಂಜಿನ್ ಆಫ್ ಮಾಡಿಸಿ, ಅವನನ್ನು ಸೀಟಿನಿಂದ ಇಳಿಸಿದ. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಗೆರೆ ಸಿಲಿಂಡರಿನೊಳಗೆ ಹೋಗಿತ್ತು. ಮತ್ತೆ ಎತ್ತಿ, ಆಸರೆ ಕೊಟ್ಟು, ವಾಲ್ವಿನಿಂದ ಬರುವ ಆಯಿಲ್ ಪೈಪು ಬಿಚ್ಚಿ ಸಿಲಿಂಡರುಗಳ ಬಾಯಿಗೆ ಬಿರಡೆ ಬಿಗಿದ. ಆಸರೆ ತೆಗೆದರೂ ಈ ಸಲ ಬಕೆಟ್ಟು ಕದಲಲಿಲ್ಲ.

"ಸಿಲಿಂಡರ್ ಸೀಲು ಸರಿಯಾಗದೆ. ವಾಲ್ವು ಆಯಿಲ್ ಬುಡ್ತಾ ಅದೆ. ಯಾರೂ ಮುಟ್ಬೇಕಾಗಿಲ್ಲ, ತಾನೇ ಇಳೀತದೆ."

ಇಷ್ಟು ದಿನ ಗೊತ್ತಾಗಲಿಲ್ಲವೇ ಎಂದು ಸಿದ್ದೇಶ್ ಕೇಳಿದ. ಎತ್ತಿದಾಗಲೆಲ್ಲ ಲೋಡರಿನ ತೋಳಿಗೆ ಹುಣಸೆ ಕೊರಡೊಂದನ್ನು ಒತ್ತು ಕೊಡುವುದು ಅಪ್ಪನ ಕಾಲದ ರೂಢಿ ಎಂದ ಅಂಬರೀಶ್. ಕೊರಡು ಬಕೆಟ್ಟನ್ನು ಇಳಿಯಲು ಬಿಟ್ಟರೆ ತಾನೇ ಗೊತ್ತಾಗುವುದು? ಅವತ್ತೂ ಒತ್ತು ಕೊಟ್ಟೇ ಕೈ ತೊಳೆಯಲು ಹೋಗಿದ್ದ.

"ಮತ್ತೆ ಕೊರಡು ಎಲ್ಲೋಯ್ತು?"

ಮಾಯಮ್ಮ ತಿರುಗಲಿಲ್ಲ. "ಮಲಗ್ವಾಗ ನಿಮ್ಮಪ್ಪ ತಲೆದಿಂಬಿಗೇನಾರ ಕೊಡು ಅಂದ. ಬಕೆಟ್ಟು ನಿಂತೇ ಇತ್ತಲ್ಲ. ಕಿತ್ಕೊಟ್ಟು ಮನೆಗೋದೆ."

ಸಿದ್ದೇಶ್ ಕೈಗಂಟಿದ ಆಯಿಲ್ ಒರೆಸತೊಡಗಿದ. ತನ್ನ ತಪ್ಪಲ್ಲ ಎಂಬುದು ಅವಳ ಬಾಯಿಂದ ಬರಲೆಂದೇ ಅಂಬರೀಶ್ ಕಾದಿದ್ದ. ಬಂತು. ಏನೂ ಅನ್ನಿಸಲಿಲ್ಲ.

"ನನ್ ಕೈಯೇ ಲಿವರ್ಗೆ ತಗುಲ್ತೇನೋ, ಬುಡವ್ವ."

"ಸುಳ್ಳು ಏಳ್ಬೇಡ ಕಣ್ಲಾ."

ಅವಳು ಎದ್ದು, ಬೇಲಿಯ ಬುಡದಲ್ಲಿ ಬಿದ್ದಿದ್ದ ಕೊರಡನ್ನು ಎರಡು ಕೈಯಲ್ಲಿ ಹೊತ್ತು ತಂದಳು. ಒತ್ತು ಕೊಟ್ಟು ಕೆಲಸ ಮಾಡಿ ಎಂದಳು. ಅಂಬರೀಶ್ ಅದನ್ನು ತೋಳಿಗೆ ಕೊಟ್ಟು, ವಾಲ್ವು ಬಿಚ್ಚಲು ಸಿದ್ದೇಶನಿಗೆ ಸ್ಪ್ಯಾನರ್ ಹುಡುಕಿಕೊಟ್ಟ.