ದಿಂಬಿನ ತಗ್ಗು

ಧಪ್, ಧಪ್ — ಮತ್ತೆ ಶುರುವಾಯಿತು, ಪಕ್ಕದ ಕೋಣೆಯಲ್ಲಿ ಅಪ್ಪ ದಿಂಬು ತಟ್ಟುತ್ತಿದ್ದಾನೆ, ಹಾಸಿಗೆಯಿಂದ ಎದ್ದನೆಂದರೆ ಮೊದಲು ಅದೇ ಕೆಲಸ, ಚಪ್ಪಲಿ ಹುಡುಕುವುದಕ್ಕೂ ಮೊದಲು, ನೀರು ಕುಡಿಯುವುದಕ್ಕೂ ಮೊದಲು, ಎರಡೂ ಅಂಗೈಯಿಂದ ತಟ್ಟಿ, ಅಂಚು ಹಿಡಿದು ಎಳೆದು, ಅಲ್ಲಿ ಯಾರೂ ಮಲಗೇ ಇರಲಿಲ್ಲ ಅನ್ನುವಷ್ಟು ಸಪಾಟು ಮಾಡಿಬಿಡುತ್ತಾನೆ, ಈಚೆ ಮಗಳ ಕೈಯಲ್ಲಿ ಜರಡಿ ನಿಂತಲ್ಲೇ ನಿಂತಿದೆ, ಪ್ಲಾಸ್ಟರ್ ಧೂಳು ಮೂಗಿಗೆ ಹತ್ತುತ್ತಿದೆ, ಜೀವಮಾನವಿಡೀ ಇಸ್ತ್ರಿ ಅಂಗಡಿಯಲ್ಲಿ ಜನರ ಬಟ್ಟೆಯ ಸುಕ್ಕು ಬಿಡಿಸಿದ ಕೈ, ಸುಮ್ಮನಿರು ಅಂದರೆ ಇರುತ್ತದೆಯೇ ಎಂದು ಇಷ್ಟು ದಿನ ನಗುತ್ತಿದ್ದಳು, ಅಪ್ಪ ಗುರುತು ಅಳಿಸುವವನು ಮಗಳು ಗುರುತು ಉಳಿಸುವವಳು, ಒಳ್ಳೇ ಜೋಡಿ ಅಂತ ಸಂದರ್ಶನದಲ್ಲೂ ಹೇಳಿ ನಗಿಸಿದ್ದಳು — ಗುರುತು ಉಳಿಸಲು ಮೊಟ್ಟಮೊದಲ ಸಾಮಾನು ಕೊಟ್ಟವನೂ ಅವನೇ, ಅಮ್ಮ ಹೋದ ಮರುದಿನ ಮನೆಯವರು ಮಂಚದ ಬಟ್ಟೆ ತೆಗೆಯಲು ಬಂದಾಗ ಇವಳು ಅಡ್ಡ ನಿಂತಳು, ದಿಂಬಿನಲ್ಲಿ ಅಮ್ಮನ ತಲೆಯ ತಗ್ಗು ಹಾಗೇ ಇತ್ತು, ಅಪ್ಪಾ ಆ ಗಂಜಿನೀರಿನ ಬಾಟಲಿ ಕೊಡು, ಅವನು ಅಂಗಡಿಗೆ ಹೋಗಿ ತಂದುಕೊಟ್ಟ, ಗಂಜಿ ಚಿಮುಕಿಸಿ ಬಟ್ಟೆಯನ್ನು ಗಟ್ಟಿಮಾಡಿ, ಮೇಲೆ ತೆಳ್ಳಗೆ ಪ್ಲಾಸ್ಟರ್ ಎರೆದು, ಒಣಗಿದ ಮೇಲೆ ಕಳಚಿದರೆ ತಗ್ಗು ಉಬ್ಬಾಗಿತ್ತು, ಅಮ್ಮ ಬಿಟ್ಟುಹೋದ ಜಾಗ ಕೈಗೆ ಸಿಗುವಂತಾಗಿತ್ತು, ಅದನ್ನು ಮಡಿಲಲ್ಲಿಟ್ಟುಕೊಂಡು ಗಳಗಳ ಅತ್ತಳು, ಆವತ್ತು ಅದು ಕಲೆಯೂ ಅಲ್ಲ ಗಿಲೆಯೂ ಅಲ್ಲ, ಅಮ್ಮ ಅಷ್ಟೇ.

ಕಲೆಯಾದದ್ದು ಆಮೇಲೆ, ಗ್ಯಾಲರಿ ನಡೆಸುವವಳು ಅದನ್ನು ಬಿಳಿ ಪೀಠದ ಮೇಲೆ ಇಟ್ಟು ಮೇಲಿಂದ ಒಂದು ದೀಪ ಬಿಟ್ಟಾಗ, ಬಂದವರೆಲ್ಲ ದನಿ ತಗ್ಗಿಸಿ ನಿಂತರು, ಪತ್ರಿಕೆಯವರು ಇಲ್ಲದವರ ಭಾರ ಅಂತ ಬರೆದರು, ಆಮೇಲೆ ಯಾರ್ಯಾರೋ ಸತ್ತವರ ದಿಂಬು ಎತ್ತಿಕೊಂಡು ಬಾಗಿಲಿಗೆ ಬರತೊಡಗಿದರು, ಟೀಚರೊಬ್ಬಳು ಗಂಡನ ದಿಂಬು ತರುವಾಗ ಬಸ್ಸಿನಲ್ಲಿ ಯಾರೋ ಮೇಲೆ ಬಿದ್ದು ತಗ್ಗು ಹೋಗಿಬಿಟ್ಟಿತ್ತು, ಇನ್ನೊಂದು ಸಲ ಹೋದ ಹಾಗಾಯ್ತು ಕಣ್ರೀ ಅಂತ ಮೆಟ್ಟಿಲ ಮೇಲೇ ಕೂತು ಅತ್ತಳು, ಇವಳಿಗೆ ದಿಂಬಿನವಳು ಅಂತ ಹೆಸರೇ ಬಿತ್ತು, ಬೇಡಪ್ಪಾ ಸಾಕು ಅನ್ನಿಸಿ ಕಿಟಕಿಯ ಅಚ್ಚು ಮಾಡಿದಳು, ಹಳೇ ಚಪ್ಪಲಿಯದು ಮಾಡಿದಳು, ಜನರದ್ದು ಒಂದೇ ಮಾತು, ಚೆನ್ನಾಗಿದೆ ಚೆನ್ನಾಗಿದೆ, ದಿಂಬು ಯಾವಾಗ? ಕಾಲೇಜಿನಲ್ಲಿ ಮಾತಾಡಲು ಕರೆದರು, ನಾನು ಇರುವುದನ್ನು ಕೆತ್ತುವುದಿಲ್ಲ, ಎದ್ದುಹೋದವರ ಜಾಗವನ್ನು ತುಂಬುತ್ತೇನೆ ಎಂದಳು, ಚಪ್ಪಾಳೆಯೋ ಚಪ್ಪಾಳೆ, ಮೊದಲ ಸಾಲಿನಲ್ಲಿ ಗರಿಗರಿ ಅಂಗಿ ಹಾಕಿಕೊಂಡು ಕೂತಿದ್ದ ಅಪ್ಪ ಮನೆಗೆ ಬರುವಾಗ ಮೆಲ್ಲಗೆ ಕೇಳಿದ, ಎದ್ದು ಹೋದವ್ರು ಅಂದ್ಯಲ್ಲ ಪುಟ್ಟಿ, ನಿಮ್ಮಮ್ಮ ಎದ್ದು ಹೋದ್ಲಾ, ನಾವಲ್ವಾ ಎತ್ಕೊಂಡು ಹೋಗಿದ್ದು — ಇವತ್ತು ಬೆಳಿಗ್ಗೆ ಅಪ್ಪನ ಕಾಯಿಲೆಯ ಸುದ್ದಿ ಕೇಳಿ ಗ್ಯಾಲರಿಯವಳ ಫೋನು, ಹೇಗಿದ್ದಾರೆ ಅಪ್ಪ, ಪಾಪ, ಹುಷಾರಾಗಿ ನೋಡ್ಕೊಳ್ಳಿ, ತಪ್ಪು ತಿಳೀಬೇಡಿ, ಅಮ್ಮನ ಪಕ್ಕದಲ್ಲಿ ಒಂದು ಪೀಠ ಖಾಲಿ ಬಿಟ್ಟಿರ್ತೀನಿ, ಅಷ್ಟೇ, ಫೋನನ್ನು ಎತ್ತಿ ಗೋಡೆಗೆ ಬಡಿಯಬೇಕಿತ್ತು, ಬಾಯಿಗೆ ಬಂದದ್ದು ನೋಡೋಣ ಅನ್ನುವ ಮಾತು, ಛೀ, ತನ್ನ ನಾಲಿಗೆಯ ಮೇಲೆ ತನಗೇ ಅಸಹ್ಯವಾಯಿತು, ಜರಡಿ ಕೆಳಗಿಟ್ಟು ಕೈ ಒರೆಸಿಕೊಂಡು ಅಪ್ಪನ ಕೋಣೆಗೆ ಹೊರಟಳು.

ಮಂಚದ ಅಂಚಿನಲ್ಲಿ ಕೂತಿದ್ದಾನೆ, ಹಿಂದೆ ದಿಂಬು ಅಚ್ಚುಕಟ್ಟಾಗಿದೆ, ತಲೆ ಎದೆಗೆ ಬೀಳುತ್ತದೆ, ಬೆಚ್ಚಿ ಏಳುತ್ತದೆ, ಮತ್ತೆ ಬೀಳುತ್ತದೆ, ಹೃದಯ ಸೋತಿದೆ, ಚೆನ್ನಾಗಿ ಮಲಗಿಸಿ, ನಿದ್ದೆಗಿಂತ ದೊಡ್ಡ ಔಷಧಿ ನನ್ನ ಹತ್ರ ಇಲ್ಲ ಅಂದಿದ್ದಾರೆ ಡಾಕ್ಟರು, ಮಲಗಪ್ಪ ಅಂದಳು, ಮಲಗಿದ್ದೆ ಅಂದ, ಎಲ್ಲಿ ಮಲಗಿದ್ದೆ ಕೂತೇ ತೂಕಡಿಸ್ತಿದ್ದೀಯ, ನಿನ್ನ ಹೆಜ್ಜೆ ಕೇಳ್ತು, ಎದ್ದೆ, ನಾನು ಬಂದ್ರೆ ಯಾಕೆ ಏಳ್ಬೇಕು? ಅಪ್ಪ ತನ್ನ ಕೈಗಳನ್ನೇ ನೋಡಿಕೊಂಡ, ನಿನ್ನ ಕಣ್ಣು ನನ್ನ ಮುಖದ ಮೇಲೆ ನಿಲ್ಲಲ್ಲ ಪುಟ್ಟಿ, ದಿಂಬಿನ ಮೇಲೆ ಹೋಗುತ್ತೆ — ಮುಖಕ್ಕೆ ಹೊಡೆದಂತಾಯಿತು, ಹಾಗಾದರೆ ಅದು ಇಸ್ತ್ರಿ ಅಂಗಡಿಯ ಚಾಳಿಯಲ್ಲ, ಇಷ್ಟು ದಿನ ಅವನು ತನ್ನನ್ನು ಅವಳಿಂದ ಬಚ್ಚಿಡುತ್ತಿದ್ದ, ಸ್ವಂತ ಮಗಳಿಂದ, ನಾನು ನಿನ್ನ ದಿಂಬು ಮಾಡಲ್ಲಪ್ಪ, ನಿನ್ನಾಣೆಗೂ ಮಾಡಲ್ಲ, ಮಾಡಲ್ಲ ಅಂತ ನನಗೂ ಗೊತ್ತು, ನೋಡದೇ ಇರ್ತೀಯಾ? ಇರ್ತೀನಿ. ಹಾಗಾದ್ರೆ ಕೂತ್ಕೋ ಎಂದು ಅಪ್ಪ ಮಗುವಿನಂತೆ ಕಾಲು ಮಡಚಿ ಮಲಗಿಯೇ ಬಿಟ್ಟ, ಇವಳು ಕುರ್ಚಿ ಎಳೆದುಕೊಂಡು ಕಿಟಕಿ ನೋಡಿದಳು, ಫ್ಯಾನು ನೋಡಿದಳು, ಅವನ ಉಗುರು ಕತ್ತರಿಸಬೇಕು ಅಂದುಕೊಂಡಳು, ಉಸಿರು ನಿಧಾನವಾಯಿತು, ಬಾಯಿ ತೆರೆದುಕೊಂಡಿತು, ನಿದ್ದೆ, ನಿಜವಾದ ನಿದ್ದೆ, ಅವಳಿಗೆ ಖುಷಿಗೆ ಅಳು ಬಂತು, ಈಗ ಮುಖ ನೋಡಬಹುದು, ಬರೀ ಮುಖ, ಗಲ್ಲದ ಮೇಲಿನ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ, ಕಿವಿಯ ಕೂದಲು, ಕಿವಿಯ ಹಿಂದೆ ದಿಂಬಿನ ಬಟ್ಟೆ ಸುರುಳಿಗಟ್ಟಿ ಒಳಗೆ ಇಳಿದಿದೆ, ಅಮ್ಮನದಕ್ಕಿಂತ ಆಳ, ನೆರಳು ಚೆನ್ನಾಗಿ ಬಿದ್ದಿದೆ, ಅಂಚು ಮಾತ್ರ — ಅಪ್ಪನ ಕಣ್ಣು ತೆರೆದಿತ್ತು, ಅವಳ ಕಣ್ಣು ಎಲ್ಲಿದೆ ಅಂತ ನೋಡುತ್ತಿತ್ತು.

ಬಯ್ಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು, ಮಂಚದ ಕಂಬಿ ಹಿಡಿದು ಎದ್ದ, ಏದುಸಿರು, ತಿರುಗಿ ದಿಂಬಿನ ಮೇಲೆ ಎರಡೂ ಕೈ ಎತ್ತಿದ, ಧಪ್, ಇನ್ನೊಂದು ಸಲ ಎತ್ತಲು ಆಗಲಿಲ್ಲ, ಹಾಗೇ ಅದರ ಮೇಲೆ ಭಾರ ಬಿಟ್ಟು ನಿಂತ, ಇವಳು ಹಿಡಿದುಕೊಂಡು ಕುರ್ಚಿಗೆ ಕೂರಿಸಿದಳು, ಸುಸ್ತಾಯ್ತು ಪುಟ್ಟಿ, ಅಂಚು ಎಳೆಯೋಕೆ ಆಗ್ಲಿಲ್ಲ, ನೀನು ಆಚೆ ಹೋಗು ಸ್ವಲ್ಪ, ಹೂಂ ಅಪ್ಪ ಹೋಗ್ತೀನಿ, ಹೋಗಬೇಕು, ಬಾಗಿಲು ಅಲ್ಲೇ ಇದೆ, ಹೋಗಬೇಕು ಅಂತ ತಿರುಗುವಾಗಲೇ ನೋಡಿಬಿಟ್ಟಳು, ತಲೆಯ ತಗ್ಗು ಹೋಗಿದೆ, ಅದರ ಜಾಗದಲ್ಲಿ ಹತ್ತಿಯೊಳಗೆ ಇಳಿದು ಎರಡು ಅಂಗೈ, ಪಕ್ಕಪಕ್ಕದಲ್ಲಿ, ಬೆರಳು ಬೆರಳೂ ಬಿಡಿಬಿಡಿಯಾಗಿ, ಬಲಗೈ ಹೆಬ್ಬೆರಳು ಸೊಟ್ಟ, ಇದು ತಲೆಗಿಂತ ಚೆನ್ನಾಗಿದೆ — ಬೇಡ, ಯಾರು ಅಂದದ್ದು ಹಾಗೆ, ನಾನಲ್ಲ, ಕಣ್ಣು ಬಿಗಿಯಾಗಿ ಮುಚ್ಚಿದಳು, ಬೇಡ ಬೇಡ ಅಂದಷ್ಟೂ ಒಳಗೆ ಪ್ಲಾಸ್ಟರಿನಂತೆ ಬೆಳ್ಳಗೆ ಕಾಣಿಸುತ್ತಿದೆ, ಹೋಗು ಪುಟ್ಟಿ ಅಂತಿದ್ದಾನೆ ಅಪ್ಪ, ಕಾಲು ಕಿತ್ತಿಡಲು ಆಗುತ್ತಿಲ್ಲ, ಎರಡು ಅಂಗೈ, ಸೊಟ್ಟ ಹೆಬ್ಬೆರಳು, ಎರಡು ಅಂಗೈ, ಅಪ್ಪನ ಎರಡು ಅಂಗೈ