ನಕ್ಷೆಯ ಮೇಲಿನ ಐದು ಚುಕ್ಕಿ

ಕರಡಿವಾಡಿಯನ್ನು ಮುಚ್ಚಿಸಿದವಳು ನಾನು. ಆ ಊರನ್ನು ನಾನು ನೋಡಿರಲೇ ಇಲ್ಲ.

ನನ್ನ ಕೆಲಸವೆಲ್ಲ ಬೀದರಿನ ಚಿದ್ರಿಯಲ್ಲಿ, ನಮ್ಮ ಮನೆಯ ಒಳಕೋಣೆಯಲ್ಲಿ, ಒಂದು ಲ್ಯಾಪ್‌ಟಾಪಿನ ಮುಂದೆ. ಔರಾದ ತಾಲೂಕಿನ ರೈತರು ದನ-ಕುರಿಗಳಿಗೆ ಬೇನೆ ಬಂದರೆ ಒಂದು ನಂಬರಿಗೆ ಫೋನ್ ಮಾಡುತ್ತಾರೆ. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇನೆ. ನಕ್ಷೆಯ ಮೇಲೆ ಆ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಮೂಡುತ್ತದೆ. ಕೋಣೆಗೆ ಒಂದೇ ಕಿಟಕಿ. ಅದರಾಚೆ ಮೂರು ಗೇಣು ದೂರಕ್ಕೆ ಪಕ್ಕದ ಮನೆಯ ಗೋಡೆ. ಗಾರೆ ಹಾಕದ ಆ ಗೋಡೆಯ ಪ್ರತಿ ಇಟ್ಟಿಗೆಯೂ ನನಗೆ ಪರಿಚಯ.

ಆರು ತಿಂಗಳು ತಪ್ಪಿಲ್ಲದೆ ವರದಿ ಕಳಿಸಿದವರನ್ನು ಈ ನಂಬರು ನಡೆಸುವ ಸಂಸ್ಥೆಯವರು ಔರಾದಿಗೆ, ಊರೂರು ತಿರುಗುವ ಕೆಲಸಕ್ಕೆ ಹಾಕುತ್ತಿದ್ದರು. ನನ್ನವು ಐದು ತಿಂಗಳು ಮುಗಿದಿದ್ದವು. ‘ಆರ್ಡರ್ ಬರಲಿ, ಆಗ ಹೋಗುವಿಯಂತೆ’ ಎಂದು ಅಮ್ಮಿ ಕೂಡ ಒಪ್ಪಿದ್ದಳು. ನಾನು ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಿದ್ದೆ.

ಕೆಲಸಕ್ಕೆ ಸೇರಿದಾಗ ಭಾಲ್ಕಿಯಲ್ಲಿ ಎರಡು ದಿನ ತರಬೇತಿ ಇತ್ತು. ನಮ್ಮ ಮೇಲಧಿಕಾರಿ ಅನೀಲಕುಮಾರ ಸರ್ ಮೇಜಿನ ಮೇಲೆ ಒಂದು ಬೊಗಸೆ ಶೇಂಗಾ ಸುರಿದರು.

“ಇವು ಒಂದ ಕಡಿ ಅದಾವ. ಫಾರ್ಮಿನಾಗ ಮೊದಲನೇ ಖಾನಿ. ಬ್ಯಾನಿ ಬಿದ್ದ ಜೀವ ಅಷ್ಟ ಬ್ಯಾರೆ ಕಟ್ಟಿಸ್ತಾರ.” ಅಂಗೈಯಿಂದ ಶೇಂಗಾ ಕೆದರಿದರು. “ಇದು ಹಿಯರ್ ಅಂಡ್ ದೇರ್. ಅಲ್ಲೊಂದು ಇಲ್ಲೊಂದು. ಎರಡನೇ ಖಾನಿ. ಆ ಹಿಂಡುಗಳಷ್ಟ ಬಂದ್.” ಆಮೇಲೆ ಲೋಟದ ನೀರನ್ನೇ ಮೇಜಿನ ಮೇಲೆ ಚೆಲ್ಲಿಬಿಟ್ಟರು. ನಮ್ಮ ನೋಟುಬುಕ್ಕುಗಳು ತೊಯ್ದವು. “ಇದು ಥ್ರೂಔಟ್. ನೀರಿಲ್ಲದ ಜಾಗಾ ತೋರಸ್ರಿ ನೋಡೋಣ? ಮೂರನೇ ಖಾನಿ. ಇಡೀ ಊರು ಬಂದ್, ಇಪ್ಪತ್ತೊಂದು ದಿನ.”

ನಮ್ಮ ಮನೆಯಲ್ಲಿ ಒಂದು ಇಲಿ ಓಡಿದರೂ ‘ಘರ್ ಭರ್’, ನೂರು ನೆಂಟರು ಬಂದರೂ ‘ಘರ್ ಭರ್’. ಓಣಿಯವರದೂ ಅಷ್ಟೇ, ಎಲ್ಲದಕ್ಕೂ ‘ಮನಿ ತುಂಬ’. ಇಂಗ್ಲಿಷ್ ಮಾತ್ರ ನಿಂತು ಕೇಳುತ್ತದೆ: ಮೇಲೆ ಹರಡಿದೆಯೋ, ಒಳಗೂ ಇಳಿದಿದೆಯೋ? ನಡುವೆ ಖಾಲಿ ಉಳಿದಿದೆಯೋ ಇಲ್ಲವೋ? ಆ ಕೇಳುವಿಕೆ ನನಗೆ ತುಂಬ ಹಿಡಿಸಿತು. ಕೋಣೆಯಲ್ಲಿ ಕೂತೇ ಒಂದು ಊರನ್ನು ಅಳೆಯಬಹುದು ಎನ್ನಿಸಿತು.

ಫೆಬ್ರವರಿಯ ಒಂದು ಸೋಮವಾರ ಕರಡಿವಾಡಿಯಿಂದ ಫೋನ್ ಬಂತು. ಹೊಲದಲ್ಲಿ ಎರಡು ಕುರಿಗಳ ಬಾಯಲ್ಲಿ ಹುಣ್ಣು, ಜೊಲ್ಲು ಸೋರುತ್ತಿದೆ, ಕುಂಟುತ್ತಿವೆ, ನಮ್ಮ ಎತ್ತಿಗೆ ಹತ್ತೀತು ಎಂದು ರೈತನೊಬ್ಬ ಹೆದರಿ ಹೇಳಿದ. ಮಂಗಳವಾರ ಊರಿನ ಇನ್ನೊಂದು ದಿಕ್ಕಿನಿಂದ ಇನ್ನೊಬ್ಬ, ಅದೇ ಮಾತು. ಬುಧವಾರ ಮತ್ತೊಬ್ಬ, ಗುರುವಾರ ಮಗದೊಬ್ಬ. ಶುಕ್ರವಾರ ಮಾಣಿಕ ಎಂಬವನು ಮಾಡುವ ಹೊತ್ತಿಗೆ ಊರಿನ ಸುತ್ತ ಐದು ಕೆಂಪು ಚುಕ್ಕಿಗಳಿದ್ದವು. ಪೂರ್ವ, ಪಶ್ಚಿಮ, ಕೆರೆ, ಗುಡ್ಡ, ರಸ್ತೆ. ಖಾಲಿ ಜಾಗವೇ ಕಾಣಲಿಲ್ಲ. ನಾನು ಮೂರನೇ ಖಾನೆ ಒತ್ತಿದೆ. ಕೆಳಗೆ ಬರೆದೆ: ಡಿಸೀಸ್ ಈಸ್ ಪ್ರೆಸೆಂಟ್ ಥ್ರೂಔಟ್ ದ ವಿಲೇಜ್. ಎರಡು ಸಲ ಓದಿದೆ. ಒಳ್ಳೆಯ ವಾಕ್ಯವಾಗಿತ್ತು.

ಶನಿವಾರ ಸರಕಾರದ ಆದೇಶ ಬಂದು ಊರು ಮುಚ್ಚಿತು. ಯಾವ ಜೀವವೂ ನಿಂತ ಜಾಗದಿಂದ ಕದಲುವಂತಿಲ್ಲ.

ಎಂಟನೆಯ ದಿನ ಒಬ್ಬ ಮುದುಕ ಫೋನ್ ಮಾಡಿದ. ಧೊಂಡಿಬಾ ಎಂದು ಹೆಸರು ಹೇಳಿದ.

“ಮೇಡಂ, ನನ್ನ ಕುರಿ ಬಿಡಸ್ರಿ.”

“ಎಲ್ಲಿಂದ ಬಿಡಸ್ಲಿರಿ?”

“ಮಾಣಿಕನ ಹೊಲದಿಂದ. ಎಪ್ಪತ್ತು ಅದಾವ. ಎಂಟ ದಿನಾ ಆತು, ಒಂದ ಕಡಿ ನಿಂತ ಮಣ್ಣು ನೆಕ್ಕಾಕತ್ಯಾವ. ನೀವು ಒಂದ ಸಲ ಬಂದು ನೋಡ್ರಿ. ಫೋನಿನಾಗ ಕುರಿ ಕಾಣಂಗಿಲ್ಲ.”

ಭಾಲ್ಕಿಯಲ್ಲಿ ಮೀಟಿಂಗ್ ಇದೆ ಎಂದು ಅಮ್ಮಿಗೆ ಸುಳ್ಳು ಹೇಳಿ ಔರಾದ ಬಸ್ಸು ಹತ್ತಿದೆ. ಸಂತಪುರದಲ್ಲಿ ಇಳಿದು ಆಟೋ ಹಿಡಿದೆ. ಕರಡಿವಾಡಿಯ ದಾರಿಗೆ ಒಂದು ಎತ್ತಿನ ಗಾಡಿ ಅಡ್ಡ ನಿಲ್ಲಿಸಿ, ಮೂಕಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದರ ಪಕ್ಕದ ಹೊಲವೇ ಮಾಣಿಕನದು. ಜೋಳ ಕೊಯ್ದ ಬರಿ ನೆಲದಲ್ಲಿ, ಬಲೆಯ ಬೇಲಿಯೊಳಗೆ, ಕುರಿಗಳು ಒಂದಕ್ಕೊಂದು ತಲೆ ತಾಗಿಸಿಕೊಂಡು ನಿಂತಿದ್ದವು. ಎರಡು ಮರಿಗಳು ತಾಯಿಯ ಒಣ ಕೆಚ್ಚಲು ಗುದ್ದುತ್ತಿದ್ದವು. ಬೇಲಿಯ ಬಳಿ ನಿಂತಿದ್ದ ಧೊಂಡಿಬಾನಿಗೆ ನನ್ನ ಗುರುತು ಹೇಳಿದೆ. ಧೊಂಡಿಬಾನ ಹೆಂಡತಿ ಪುತಳಾಬಾಯಿ ತಲೆಯ ಮೇಲಿನ ಬೇವಿನ ಸೊಪ್ಪಿನ ಹೊರೆ ಇಳಿಸಿ ನನ್ನನ್ನು ಮೇಲೆ ಕೆಳಗೆ ನೋಡಿದಳು.

“ಈಕಿ ಏನು ಊರ ಮುಚ್ಚಿದಾಕಿ? ನಾ ಯಾರೋ ದೊಡ್ಡ ಸಾಹೇಬ ಅಂತ ಮಾಡಿದ್ನಿ. ಹುಡುಗಿ ಅದಾಳ.”

ಬದುವಿನ ಮೇಲೆ ಇಬ್ಬರು ಜಗಳಕ್ಕೆ ನಿಂತಿದ್ದರು. ಒಬ್ಬ ಮಾಣಿಕ. ಇನ್ನೊಬ್ಬ ನರಸಿಂಗ, ಆಚೆ ಹೊಲದವನು.

“ನಿಂದು ಒಂದ ರಾತ್ರಿ ಪಾಳಿ ಇತ್ತು,” ನರಸಿಂಗ ಕೂಗಿದ. “ಎಂಟ ರಾತ್ರಿ ಗೊಬ್ಬರ ಹೊಡದಿ. ಶನಿವಾರ ಹಿಂಡು ನನ್ನ ಹೊಲಕ್ಕ ಬರಬೇಕಿತ್ತು.”

“ಸರಕಾರ ಕೊಟ್ಟದ, ನಾ ತೊಗೊಂಡೀನಿ,” ಮಾಣಿಕ ನಕ್ಕ. “ನೀನೂ ಒಂದು ಅರ್ಜಿ ಹಾಕು.”

“ಪಾಳಿ ಅಂದ್ರ ಏನ್ರಿ, ಕಾಕಾ?” ನಾನು ಧೊಂಡಿಬಾನನ್ನು ಕೇಳಿದೆ.

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗದಂತಿತ್ತು. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದ ಹಾಗೆ. “ಸುಗ್ಗಿ ಮುಗದ ಮ್ಯಾಲ ಹೊಲದಾಗ ಕುರಿ ತರಬ್ತೀವಲ್ಲ, ಬೇಟಾ. ರಾತ್ರಿಗೊಂದು ಹೊಲ. ಹಿಕ್ಕಿ, ಗಂಜಳ ಬಿದ್ದು ನೆಲಾ ಹಸನ ಆಗ್ತದ. ಸೋಮವಾರ ಮೂಡಲ ಹೊಲ, ಮಂಗಳವಾರ ಗುಡ್ಡದ ಹೊಲ...”

“ಊರಾಗ ಎಷ್ಟು ಹಿಂಡು ಅದಾವ?”

“ನಂದೊಂದ.”

“ಬಾಯಿ ಹುಣ್ಣಾದವು ಎಷ್ಟು?”

“ಎರಡ. ಡಾಕ್ಟರ್ ಬಂದು ಸೂಜಿ ಹಾಕ್ಯಾರ, ಅಗೋ ಬ್ಯಾರೆ ಕಟ್ಟೀನಿ. ಆದ್ರ ಕಾಗದ ಊರ ಮ್ಯಾಲ ಬಂದದ, ಹಿಂಡು ಬಿಡಾಕ ನನಗ ಬರಂಗಿಲ್ಲ ಅಂದ್ರು.”

ಐದು ಹೊಲ, ಐದು ಫೋನ್, ಅವೇ ಎರಡು ಕುರಿ. ಅವು ನಡೆಯುತ್ತಿದ್ದವು, ನಾನು ಚುಕ್ಕಿ ಇಡುತ್ತಿದ್ದೆ. ಹಿಂದಿನ ರಾತ್ರಿಯ ಚುಕ್ಕಿಯನ್ನು ಯಾರೂ ಅಳಿಸಿರಲಿಲ್ಲ. ಧೊಂಡಿಬಾನಿಗೆ ನಕ್ಷೆಯ ಕತೆ ಹೇಳಿ, ನನ್ನ ಸ್ವಂತ ನಂಬರು ಕೊಟ್ಟೆ.

ಅಲ್ಲಿಂದಲೇ ಅನೀಲಕುಮಾರ ಸರ್‌ಗೆ ಫೋನ್ ಮಾಡಿದೆ. ಆದದ್ದನ್ನೆಲ್ಲ ಹೇಳಿದೆ.

“ತಿದ್ದೂದು ಬರ್ತದ, ನಾಹೀದ. ತಪ್ಪು ವರದಿ ಅಂತ ನಿನ್ನ ಹೆಸರಲೆ ಬರದು ಕೊಡಬೇಕು. ಹೆಸರು ಪಟ್ಟಿಯಿಂದ ಹೋಗ್ತದ. ಔರಾದೂ ಹೋತು, ಈ ಕೆಲಸಾನೂ ಹೋತು. ಇನ್ನ ಹದಿಮೂರು ದಿನ. ಊರು ತಾನ ತೆರೀತದ. ಸುಮ್ನ ಕುಂಡ್ರು.”

ಸುಮ್ಮನೆ ಕುಳಿತೆ. ಬಸ್ಸಿನಲ್ಲಿ, ಆಮೇಲೆ ಕೋಣೆಯಲ್ಲಿ. ಗೋಡೆಯ ಇಟ್ಟಿಗೆಗಳನ್ನು ನೋಡಿದೆ. ಹದಿಮೂರು ದಿನ ಸುಮ್ಮನಿದ್ದರೆ ಈ ಗೋಡೆಯಿಂದ ಬಿಡುಗಡೆ. ಆಗ ಔರಾದಿನ ಊರೂರು ತಿರುಗುತ್ತೇನೆ, ಕರಡಿವಾಡಿಗೂ ಹೋಗುತ್ತೇನೆ. ಅಷ್ಟರಲ್ಲಿ ಆ ಮರಿಗಳು ಇರುವುದಿಲ್ಲ. ಒಣ ಕೆಚ್ಚಲಿಗೆ ಅವು ಗುದ್ದುವ ಸದ್ದು ಕೋಣೆಯೊಳಗೂ ಬಂದಿತ್ತು. ಬಾಗಿಲು ಹಾಕಿದೆ, ಸದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮಿ ಚಹಾ ತಂದಿಟ್ಟಳು. “ಮುಖ ಯಾಕೆ ಹೀಗಾಗಿದೆ?” ಎಂದಳು. ನಾನು ಫಾರ್ಮು ತೆರೆದು ಮೊದಲನೇ ಖಾನೆ ಗುರುತಿಸಿದೆ. ಇಂಗ್ಲಿಷಿನಲ್ಲಿ ಬರೆದೆ: ಎರಡು ಕುರಿ. ಒಂದು ಹಿಂಡು. ದಿನಕ್ಕೊಂದು ಹೊಲ. ತಪ್ಪು ನನ್ನದು. ನೋಡಲು ಏನೂ ಚೆಂದವಿರಲಿಲ್ಲ. ಒತ್ತಿದೆ.

ಮೂರನೆಯ ದಿನ ಸಂಸ್ಥೆಯ ಹುಡುಗ ಬಂದು ಲ್ಯಾಪ್‌ಟಾಪ್ ಒಯ್ದ. ಮೇಜಿನ ಮೇಲೆ ಅದರ ಅಗಲದ, ಧೂಳಿಲ್ಲದ ಒಂದು ಚೌಕ ಉಳಿಯಿತು. ಅಮ್ಮಿ ಅದನ್ನೂ ಒರೆಸಿದಳು. ಔರಾದಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಅದೇ ಸಂಜೆ ಧೊಂಡಿಬಾನ ಫೋನ್ ಬಂತು. ಹಿಂದೆ ಕುರಿಗಳ ಗದ್ದಲ, ಪುತಳಾಬಾಯಿ ಯಾವುದೋ ಕುರಿಯನ್ನು ಬೈಯುವ ದನಿ.

“ಗಾಡಿ ಸರಿಸ್ಯಾರ, ಬೇಟಾ. ಹಿಂಡು ನಡದದ. ಒಂದು ಮರಿ ಹೋತು, ಒಂದು ಉಳದದ. ನರಸಿಂಗನ ಹೊಲಕ್ಕ ಹೊಂಟೀವಿ. ಮಾಣಿಕ ಮಾರಿ ಸಣ್ಣ ಮಾಡ್ಯಾನ.” ನಕ್ಕ. “ನಿನ್ನ ನಕ್ಷಾದಾಗ ನೋಡು. ಈಗ ಎಲ್ಲಿ ಕಾಣಾಕತ್ತೀವಿ?”

ನಾನು ಕಿಟಕಿಯ ಕಡೆ ತಿರುಗಿದೆ. ಇಟ್ಟಿಗೆಯ ಸಾಲುಗಳ ಮೇಲೆ ಬೆಳಕು ಆಗಲೇ ಇಳಿಯುತ್ತಿತ್ತು.

“ಎಲ್ಲಾ ಕಡಿ ಕಾಣ್ತೀರಿ, ಕಾಕಾ,” ಎಂದೆ. “ನಡೀರಿ.”