ಕೆಂಪಿಯ ಮಿಕ್ಕ ಮೂರು ಮೊಲೆ

ತಮ್ಮ ಮಗಳು, ಅಂದರೆ ನನ್ನ ನಾದಿನಿ, ಚೀಸ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ವರ್ಷ ನಮ್ಮತ್ತೆ ಅವಳಿಗೊಂದು ಮಾತು ಕೊಟ್ಟಿದ್ದರು: "ನೀನು ಚೀಸ್ ಮಾಡೋ ತೊಟ್ಟಿಗೆ ನಮ್ಮ ಕೊಟ್ಟಿಗೆಯಿಂದ ಕೆಟ್ಟ ಹಾಲು ಬರಲ್ಲ ಕಣೇ."

ಅದು ಹಳೆಯ ಮಾತು. ಈಗ ನಮ್ಮ ಹಸು ಕೆಂಪಿಗೆ ಕೆಚ್ಚಲು ಬಾವು. ನಿನ್ನೆ ದನದ ಡಾಕ್ಟರು ಬಂದು ಬಾತ ಮೊಲೆಗೆ ಮದ್ದು ಏರಿಸಿ, "ನಾನು ಹೇಳೋವರೆಗೂ ಇವಳ ಹಾಲು ಕ್ಯಾನಿಗೆ ಬೇಡ" ಎಂದು ಹೋಗಿದ್ದರು. ಇವತ್ತು ಬೆಳಿಗ್ಗೆ ನಾನು ಸಗಣಿ ಬಾಚಿ, ಮಕ್ಕಳನ್ನು ಎಬ್ಬಿಸಿ ಬರುವಷ್ಟರಲ್ಲಿ ಅತ್ತೆ ಹಾಲು ಕರೆದಾಗಿತ್ತು; ಕಾರ್ಖಾನೆಗೆ ಹೋಗುವ ಕ್ಯಾನ್ ಕಂಠದವರೆಗೆ ತುಂಬಿತ್ತು.

"ಕೆಂಪಿ ಹಾಲೂ ಸುರಿದ್ರಾ ಅತ್ತೆ?"

"ಮದ್ದು ಹಾಕಿದ್ದು ಒಂದು ಮೊಲೆಗೆ. ಅದನ್ನ ನೆಲಕ್ಕೆ ಕರೆದೆ. ಮಿಕ್ಕ ಮೂರು ಏನು ಪಾಪ ಮಾಡಿದ್ವು?"

ವಾದಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ. ಅಷ್ಟರಲ್ಲಿ ನಾದಿನಿ ರಾತ್ರಿ ಪಾಳಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕುಸಿದಳು.

"ಅತ್ತಿಗೆ, ಒಂದು ಲೋಟ ಮೊಸರು ಕೊಡಿ. ಹೊಟ್ಟೆ ಉರೀತಿದೆ."

"ಮೊಸರಂತೆ!" ಅತ್ತೆ ಪಾತ್ರೆ ಮುಂದಿಟ್ಟರು. "ನಿಮ್ಮತ್ತಿಗೆ ಹೆಪ್ಪು ಹಾಕಿದ ಚೆಂದ ನೋಡು. ನೀರೇ ನೀರು. ಕೈಗುಣ!"

ನಾದಿನಿ ಪಾತ್ರೆ ಓರೆ ಮಾಡಿದಳು. "ಯಾವ ಹಾಲಮ್ಮ ಇದು?"

"ಕೆಂಪೀದು. ನಿನ್ನೆ ಡಾಕ್ಟರು ಹೋದ ಮೇಲೆ ಕರೆದ ಮೂರು ಮೊಲೆದು ಮನೆಗೇಂತ ತೆಗೆದಿಟ್ಟಿದ್ದೆ."

"ಪಾಪ, ಅತ್ತಿಗೆ ಕೈನ ಯಾಕೆ ಬೈತೀಯ? ಮದ್ದು ಒಂದು ಮೊಲೆಗೆ ಹಾಕಿದ್ರೂ ರಕ್ತಕ್ಕಿಳಿದು ನಾಲ್ಕಕ್ಕೂ ಬರುತ್ತೆ. ಹೆಪ್ಪು ಅದರಲ್ಲಿ ಬದುಕಲ್ಲ. ನಮ್ಮ ಚೀಸಿಗೂ ಒಂಥರಾ ಹೆಪ್ಪೇ ಹಾಕೋದು. ಹುಳಿ ಏರಿದ್ರೆ ತಾನೆ ಹಾಲಿನ ಗಡ್ಡೆ ಹಲಗೆ ಥರ ಕೂಡಿಕೊಳ್ಳೋದು, ನಾವು ಮಗುಚಿ ಮಗುಚಿ ಪೇರಿಸೋದು? ಏರದಿದ್ರೆ ತೊಟ್ಟಿ ಮುಂದೆ ಹೆಣ ಕಾದ ಹಾಗೆ ಕಾದು, ಕೊನೆಗೆ ಊರೆಲ್ಲರ ಹಾಲೂ ಚರಂಡಿಗೆ."

"ಕಾಯಿಸಿದ್ರೆ ಮದ್ದು ಹೋಗಲ್ವೇನೇ?"

"ಇದನ್ನೂ ಕಾಯಿಸೇ ತಾನೆ ಹೆಪ್ಪು ಹಾಕಿದ್ದು?"

ಅತ್ತೆ ಸೋಲಲಿಲ್ಲ. "ಅಷ್ಟು ದೊಡ್ಡ ಟ್ಯಾಂಕರಲ್ಲಿ ನಮ್ಮದೊಂದು ಚೊಂಬು ಯಾವ ಮೂಲೆಗೆ?"

"ಪರೀಕ್ಷೆಯಲ್ಲಿ ಸಿಕ್ಕಿಬಿದ್ರೆ ಟ್ಯಾಂಕರ್ ಹಾಲೆಲ್ಲಾ ಚೆಲ್ತಾರೆ. ಸಿಗದಿದ್ರೆ ನನ್ನ ತೊಟ್ಟಿಗೇ ಬರುತ್ತೆ. ಎರಡರಲ್ಲಿ ಯಾವುದಾಗಬೇಕು, ನೀನೇ ಹೇಳು."

ಬೀದಿಯಲ್ಲಿ ಹಾಲಿನ ವ್ಯಾನ್ ಹಾರ್ನ್ ಹೊಡೆಯಿತು.

"ಮಿಕ್ಕ ಹಸುಗಳ ಹಾಲೂ ಇದರಲ್ಲೇ ಇದೆಯಲ್ಲೇ..." ಅತ್ತೆಯ ದನಿ ಇಳಿಯಿತು. ನಾದಿನಿ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

"ಏನಜ್ಜಿ, ಹಸುಗಳು ಮುಷ್ಕರ ಹೂಡಿವೆಯಾ?" ಡ್ರೈವರ್ ಕೂಗಿದ.

"ಇವತ್ತು ನಮ್ಮದಿಲ್ಲ. ಹೋಗಪ್ಪ" ಎಂದರು ಅತ್ತೆ.

ಕೈ ಹಾಕಲು ಹೋದ ನನ್ನನ್ನು ತಳ್ಳಿ, ಅತ್ತೆ ತಾವೇ ಕ್ಯಾನನ್ನು ಗೊಬ್ಬರದ ಗುಂಡಿಗೆ ಎಳೆದುಕೊಂಡು ಹೋಗಿ ಸುರಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಹಾಗೆ ನಿಮಗೂ ಸುಸ್ತೇ ಎಂದು ಗೊತ್ತು. ಆದರೂ ಒಂದು ಮೊಲೆಗೆ ಮದ್ದು ಹಾಕಿಸಿದರೂ ನಾಲ್ಕೂ ಮೊಲೆಯ ಹಾಲು ಬೇರೆ ಇಡಿ. ಡಾಕ್ಟರು ಸರಿ ಎನ್ನುವವರೆಗೆ ಅದು ಕ್ಯಾನಿಗೂ ಬೇಡ, ಮಕ್ಕಳಿಗೂ ಬೇಡ, ಕರುವಿಗೂ ಬೇಡ. ಆ ಹಸುವನ್ನು ಕೊನೆಗೆ ಕರೆಯಿರಿ. ನಿದ್ದೆಗಣ್ಣಿಗೂ ಕಾಣುವ ಹಾಗೆ ಅದರ ಕಾಲಿಗೊಂದು ಬಣ್ಣದ ಪಟ್ಟಿ ಕಟ್ಟಿ. ತಪ್ಪಿ ಬೆರೆತರೆ, ವ್ಯಾನ್ ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿ.

ಕೆಂಪಿಯ ಕಾಲಿಗೀಗ ನನ್ನ ಹಳೇ ಸೀರೆಯ ಕೆಂಪು ಅಂಚು ಇದೆ. ಅತ್ತೆ ಮಗಳಿಗೆ ಕೊಟ್ಟ ಮಾತು ಉಳಿಯಿತು.